ಕಲ್ಯಾಣದ ಅರಸ ಮತ್ತು ನಮ್ಮ ಕೆರೆಯ ಗೆಂಡೆ ಮೀನು

ಭೀಮಾತೀರ ಎಂದೊಡನೆ ಹೊರಗಿನವರಿಗೆ ನೆನಪಾಗುವುದು ತೊಗರಿ, ಬಿಳಿಜೋಳ, ಬಿಸಿಲು ಮತ್ತು ಬರ. ಮೀನಿನ ಮಾತನ್ನು ಯಾರೂ ಎತ್ತುವುದಿಲ್ಲ. ನಾನು ಮೂರು ದಶಕಗಳಿಗೂ ಹೆಚ್ಚು ಕಾಲ ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ಶಾಲೆಗಳಲ್ಲಿ ಸಮಾಜ ವಿಜ್ಞಾನ ಬೋಧಿಸಿದವನು. ಆ ಅವಧಿಯಲ್ಲಿ ಕಲ್ಯಾಣದ ಚಾಲುಕ್ಯರ ಬಗ್ಗೆ, ಬಹಮನಿ ಸುಲ್ತಾನರ ಬಗ್ಗೆ, ಹೈದರಾಬಾದ್ ವಿಮೋಚನೆಯ ಬಗ್ಗೆ ಎಷ್ಟೋ ಪಾಠಗಳನ್ನು ಮಾಡಿದ್ದೇನೆ. ಯಾವ ಪಠ್ಯಪುಸ್ತಕದಲ್ಲಿಯೂ ನಮ್ಮ ಕೆರೆಯ ಮೀನಿಗೆ ಒಂದು ಸಾಲು ಇರಲಿಲ್ಲ. ಮೀನಿಗೂ ಇತಿಹಾಸವಿದೆಯೇ ಎಂದು ನೀವು ಕೇಳಬಹುದು. ಇದೆ, ಅದು ನಮ್ಮ ಸೀಮೆಯ ಇತಿಹಾಸದೊಡನೆ ಬಿಡಿಸಲಾಗದಂತೆ ಹೆಣೆದುಕೊಂಡಿದೆ ಎಂಬುದನ್ನು ಈ ಬರಹದಲ್ಲಿ ತಿಳಿಸಲು ಯತ್ನಿಸುತ್ತೇನೆ.

ಬಂಧುಗಳು ಈ ಶೀರ್ಷಿಕೆಯನ್ನು ಓದಿ ಹುಬ್ಬೇರಿಸುವರೆಂದು ಬಲ್ಲೆ. ನಾನು ಹುಟ್ಟಿದ ಮನೆಯಲ್ಲಿ ಮೀನು ಬೇಯಿಸುವ ಪದ್ಧತಿ ಇರಲಿಲ್ಲ. ಇಂದಿಗೂ ನಾನು ಅದರ ರುಚಿಯನ್ನು ಅರಿಯೆ. ಆದರೆ ಇತಿಹಾಸವನ್ನು ಓದುವವನು ತನ್ನ ಮನೆಯ ತಟ್ಟೆಯಲ್ಲಿರುವುದನ್ನು ಮಾತ್ರ ನೋಡಿದರೆ ಸಾಲದು. ನನ್ನ ತರಗತಿಯಲ್ಲಿ ಕುಳಿತ ಮಕ್ಕಳಲ್ಲಿ ಅನೇಕರು ಕಬ್ಬಲಿಗರ ಮನೆಯವರು. ಅವರ ಅಜ್ಜಂದಿರು ಭೀಮೆಯಲ್ಲಿ ಹರಿಗೋಲು ಹಾಕಿದವರು, ಬಲೆ ಬೀಸಿದವರು. ಅವರು ಅರಿತಿದ್ದ ವಿದ್ಯೆ ನನ್ನ ಪುಸ್ತಕಗಳಲ್ಲಿ ಇರಲಿಲ್ಲ ಎಂಬುದೇ ಈ ವಿಷಯದತ್ತ ನನ್ನನ್ನು ಸೆಳೆದ ಸಂಗತಿ.

ಮೊದಲು ನೀರಿನ ಪರಿಚಯ ಮಾಡಿಕೊಳ್ಳೋಣ. ಮಹಾರಾಷ್ಟ್ರದ ಭೀಮಾಶಂಕರದಲ್ಲಿ ಹುಟ್ಟುವ ಭೀಮಾ ನದಿ ಸುಮಾರು 861 ಕಿಲೋಮೀಟರ್ ಹರಿದು ರಾಯಚೂರು ಜಿಲ್ಲೆಯಲ್ಲಿ ಕೃಷ್ಣೆಯನ್ನು ಸೇರುತ್ತದೆ. ನಮ್ಮ ಜಿಲ್ಲೆಯಲ್ಲಿ ಅದು ಅಫಜಲಪುರ ಹಾಗೂ ಜೇವರ್ಗಿ ತಾಲ್ಲೂಕುಗಳ ನೆಲವನ್ನು ತಾಗಿಕೊಂಡು ಸಾಗುತ್ತದೆ. ಆಳಂದ ಸೀಮೆಯ ನೀರನ್ನು ಹೊತ್ತು ತರುವ ಅಮರ್ಜಾ ನದಿ ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದ ಬಳಿ ಭೀಮೆಯಲ್ಲಿ ಕೂಡುತ್ತದೆ. ದತ್ತಾತ್ರೇಯನ ಭಕ್ತರು ಪುಣ್ಯಸ್ನಾನ ಮಾಡುವ ಸಂಗಮವೇ ಅದು. ಆಳಂದ ತಾಲ್ಲೂಕಿನ ಕೋರಳ್ಳಿಯ ಬಳಿ ಅಮರ್ಜೆಗೂ, ಅಫಜಲಪುರ ತಾಲ್ಲೂಕಿನ ಸೊನ್ನದಲ್ಲಿ ಭೀಮೆಗೂ ಅಡ್ಡಗಟ್ಟೆಗಳು ಬಂದಿವೆ. ಇವುಗಳ ನಡುವೆ ಹಳ್ಳಿ ಹಳ್ಳಿಗೂ ಸಣ್ಣಪುಟ್ಟ ಕೆರೆಗಳುಂಟು. ಕೆಲವು ಹಳೆಯ ಕಾಲದವು, ಕೆಲವು 1972ರ ಭೀಕರ ಬರಗಾಲದಂತಹ ಸಂಕಟದ ದಿನಗಳಲ್ಲಿ ಕೂಲಿಗಾಗಿ ಜನರು ಮಣ್ಣು ಹೊತ್ತು ಕಟ್ಟಿದ ಜಿನುಗು ಕೆರೆಗಳು. ಮಳೆಗಾಲದಲ್ಲಿ ತುಂಬಿ, ಬೇಸಿಗೆಗೆ ತಳ ಕಾಣುವುದು ಇವುಗಳ ಸ್ವಭಾವ.

ಈ ನೀರಿನ ಮೀನಿನ ಬಗ್ಗೆ ನಮ್ಮ ಸೀಮೆಯಲ್ಲಿ ಬರೆದ ಮೊದಲಿಗರು ಯಾರು? ಉತ್ತರ ಕೇಳಿದರೆ ಆಶ್ಚರ್ಯವಾದೀತು. ಆತ ಮೀನುಗಾರನಲ್ಲ, ಒಬ್ಬ ಚಕ್ರವರ್ತಿ. ಆರನೆಯ ವಿಕ್ರಮಾದಿತ್ಯನ ಮಗನಾದ ಮೂರನೆಯ ಸೋಮೇಶ್ವರ, ಅಂದರೆ ಭೂಲೋಕಮಲ್ಲ, ಆಳಂದಕ್ಕೆ ನೆರೆಯದೇ ಆದ ಕಲ್ಯಾಣದಿಂದ 12ನೆಯ ಶತಮಾನದ ಪೂರ್ವಾರ್ಧದಲ್ಲಿ ಆಳಿದವನು. ಕ್ರಿ.ಶ. 1130ರ ಸುಮಾರಿಗೆ ಅವನು ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ವು ಒಂದು ವಿಶ್ವಕೋಶದಂತಹ ಗ್ರಂಥ. ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು 'ವಿಂಶತಿ'ಗಳು, ಒಟ್ಟು ನೂರು ಅಧ್ಯಾಯಗಳು. ರಾಜನೀತಿ, ವೈದ್ಯ, ಆನೆ, ಕುದುರೆ, ಸಂಗೀತ, ಚಿತ್ರಕಲೆ, ಅಡುಗೆ ಎಲ್ಲವೂ ಅದರಲ್ಲಿವೆ. ಇಡ್ಲಿ ದೋಸೆಗಳ ಪೂರ್ವಜರನ್ನು ಹುಡುಕುವವರು ಇದರ ಅನ್ನಭೋಗ ಪ್ರಕರಣವನ್ನು ಉಲ್ಲೇಖಿಸುವುದನ್ನು ನೀವು ಪತ್ರಿಕೆಗಳಲ್ಲಿ ಓದಿರಬಹುದು. ಅದೇ ಗ್ರಂಥದ ವಿನೋದಗಳ ಭಾಗದಲ್ಲಿ 'ಮತ್ಸ್ಯವಿನೋದ' ಎಂಬ ಅಧ್ಯಾಯವಿದೆ. ಗಾಳ ಹಾಕಿ ಮೀನು ಹಿಡಿಯುವ ಕಲೆಯೇ ಅದರ ವಸ್ತು.

ಸುಮಾರು 35 ಬಗೆಯ ಮೀನುಗಳನ್ನು ಅರಸ ಅಲ್ಲಿ ಹೆಸರಿಸುತ್ತಾನೆ. ಸಮುದ್ರದವು ಯಾವುವು, ಸಿಹಿನೀರಿನವು ಯಾವುವು, ಹುರುಪೆ ಉಳ್ಳವು ಯಾವುವು, ಇಲ್ಲದವು ಯಾವುವು, ದೊಡ್ಡವು, ಚಿಕ್ಕವು ಎಂದು ವಿಂಗಡಿಸುತ್ತಾನೆ. ಯಾವ ಮೀನಿಗೆ ಯಾವ ಆಹಾರ ಪ್ರಿಯ ಎಂಬುದನ್ನೂ, ದಾರ, ಕೋಲು, ಕೊಕ್ಕೆ ಮತ್ತು ಬೆಂಡು ಹೇಗಿರಬೇಕೆಂಬುದನ್ನೂ ವಿವರಿಸುತ್ತಾನೆ. ಮೀನಿಗೆ ಮೊದಲು ಆಹಾರ ಹಾಕಿ ರೂಢಿ ಮಾಡಿಸಿ, ಅನಂತರ ಗಾಳ ಬಿಡುವ ಕ್ರಮವೂ ಅಲ್ಲಿದೆ. ಇಂಗ್ಲಿಷಿನಲ್ಲಿ ಗಾಳದ ಮೀನುಗಾರಿಕೆಯ ಕುರಿತಾದ ಮೊದಲ ಮುದ್ರಿತ ಗ್ರಂಥ ಹೊರಬಂದದ್ದು 1496ರಲ್ಲಿ; ಜಗತ್ಪ್ರಸಿದ್ಧವಾದ ಐಸಾಕ್ ವಾಲ್ಟನ್ನನ ಪುಸ್ತಕ ಬಂದದ್ದು 1653ರಲ್ಲಿ. ನಮ್ಮ ಕಲ್ಯಾಣದ ಅರಸ ವಾಲ್ಟನ್ನನಿಗಿಂತ ಐದು ಶತಮಾನಗಳಷ್ಟು ಹಿಂದಿನವನು. ಬಹುಕಾಲ ವಿದ್ವಾಂಸರ ಗಮನಕ್ಕೆ ಬಾರದೆ ಇದ್ದ ಈ ಅಧ್ಯಾಯದ ಮಹತ್ವವನ್ನು 1951ರಲ್ಲಿ ಎತ್ತಿ ತೋರಿಸಿದವರು ಭಾರತದ ಹಿರಿಯ ಮತ್ಸ್ಯವಿಜ್ಞಾನಿ ಸುಂದರಲಾಲ್ ಹೋರಾ ಅವರು.

ಇಲ್ಲಿ ನನ್ನದೊಂದು ಅನುಭವವನ್ನು ಹೇಳಬೇಕು. 1978ರಿಂದ ಕೆಲವು ವರ್ಷ ನಾನು ಆಳಂದ ತಾಲ್ಲೂಕಿನ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿದ್ದೆ. ಊರ ಹೊರಗೆ ಒಂದು ಸಣ್ಣ ಕೆರೆ. ಬೇಸಿಗೆಯಲ್ಲಿ ಒಂದು ತಾಸಿನಲ್ಲಿ ಸುತ್ತು ಹಾಕಿ ಬರಬಹುದಾದಷ್ಟು. ಸಂಜೆ ತಿರುಗಾಡಲು ಹೋದಾಗ ಒಂಬತ್ತನೆಯ ತರಗತಿಯ ಒಬ್ಬ ಹುಡುಗ ಅಲ್ಲಿ ಕಾಣಸಿಗುತ್ತಿದ್ದ. ಜೋಳದ ಹಿಟ್ಟನ್ನು ಕಲಸಿ, ಅದಕ್ಕೆ ಸ್ವಲ್ಪ ಶೇಂಗಾ ಹಿಂಡಿ ಸೇರಿಸಿ, ಉಂಡೆ ಮಾಡಿ ದಿನವೂ ಒಂದೇ ಜಾಗಕ್ಕೆ ಎಸೆಯುತ್ತಿದ್ದ. ಮೂರು ದಿನ ಗಾಳವನ್ನು ಮುಟ್ಟುತ್ತಲೇ ಇರಲಿಲ್ಲ. ನಾಲ್ಕನೆಯ ದಿನ ಅದೇ ಹಿಟ್ಟನ್ನು ಕೊಕ್ಕೆಗೆ ಚುಚ್ಚಿ, ಜೋಳದ ದಂಟಿನ ಬೆಂಡನ್ನು ದಾರಕ್ಕೆ ಕಟ್ಟಿ ನೀರಿಗೆ ಬಿಡುತ್ತಿದ್ದ. "ಮೂರು ದಿನ ಯಾಕ ಸುಮ್ಮನ ಹಿಟ್ಟು ಹಾಕ್ತಿಯೋ?" ಎಂದು ಕೇಳಿದೆ. "ಸರ್, ಮೊದಲ ಅವಕ್ಕ ನಂಬಿಗಿ ಬರಬೇಕ್ರಿ. ನಂಬಿಗಿ ಬಂದ ಮ್ಯಾಲ ತಾವ ಬರ್ತಾವ್ರಿ" ಎಂದ. ಬೆಂಡು ನೀರಿನ ಮೇಲೆ ಹೇಗೆ ಅಲುಗಿತು ಎಂಬುದನ್ನು ನೋಡಿಯೇ ಕೆಳಗೆ ಯಾವ ಮೀನಿದೆ ಎಂದು ಹೇಳಬಲ್ಲವನಾಗಿದ್ದ. ಒಂದು ಮೀನು ಬೆಂಡನ್ನು ಗಬಕ್ಕನೆ ಒಳಗೆ ಎಳೆಯುತ್ತದೆ. ಇನ್ನೊಂದು ಮೆಲ್ಲಗೆ ಕುಕ್ಕಿ ಕುಕ್ಕಿ ನೋಡುತ್ತದೆ. ಕೆಸರಿನಲ್ಲಿ ಮೇಯುವ ಗೆಂಡೆ ಹಿಟ್ಟನ್ನು ಬಾಯಲ್ಲಿ ಎತ್ತಿಕೊಂಡಾಗ ಬೆಂಡು ಮುಳುಗುವ ಬದಲು ಅಡ್ಡ ಮಲಗುತ್ತದೆ.

ಹಲವು ವರ್ಷಗಳ ನಂತರ ಮತ್ಸ್ಯವಿನೋದದ ವಿವರಣೆಗಳನ್ನು ಓದುವಾಗ ಆ ಕೆರೆಯ ದಂಡೆ ಕಣ್ಣಮುಂದೆ ಬಂದಿತು. ಸೋಮೇಶ್ವರನಿಗೆ ಈ ವಿದ್ಯೆಯನ್ನು ಕಲಿಸಿದವರು ಯಾರಿರಬಹುದು? ಅರಮನೆಯಲ್ಲಿ ಬೆಳೆದ ರಾಜಕುಮಾರ ತಾನಾಗಿಯೇ ಯಾವ ಮೀನು ಏನು ತಿನ್ನುತ್ತದೆಂದು ಅರಿತಿರಲಾರ. ಆ ಸರೋವರದ ದಂಡೆಯಲ್ಲಿ ಅವನ ಪಕ್ಕದಲ್ಲಿ ನಿಂತು, ದಾರದ ಹೊಸೆತವನ್ನೂ ಬೆಂಡಿನ ಅಲುಗಾಟವನ್ನೂ ತೋರಿಸಿಕೊಟ್ಟ ಬೆಸ್ತನೊಬ್ಬ ಇದ್ದಿರಲೇಬೇಕು ಎಂಬುದು ನನ್ನ ಊಹೆ. ಗ್ರಂಥದಲ್ಲಿ ಅರಸನ ಹೆಸರಿದೆ, ಮೀನುಗಳ ಹೆಸರಿವೆ. ಕಲಿಸಿದವನ ಹೆಸರು ಇತಿಹಾಸದಲ್ಲಿ ಎಲ್ಲಿಯೂ ದಾಖಲಾಗಿಲ್ಲ. ಅದೇ ಶತಮಾನದಲ್ಲಿ ಶರಣರ ಬಳಗದಲ್ಲಿ ಅಂಬಿಗರ ಚೌಡಯ್ಯನು ತನ್ನ ವೃತ್ತಿಯನ್ನೇ ಹೆಸರಾಗಿಸಿ, ಅದನ್ನೇ ಅಂಕಿತವಾಗಿಸಿ ವಚನ ನುಡಿದನೆಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ, ಆತನ ಕಾರ್ಯ ಎಷ್ಟು ದೊಡ್ಡದೆಂಬುದು ಮನವರಿಕೆಯಾಗುತ್ತದೆ. ನೀರಿನ ಮೇಲೆ ದುಡಿಯುವವನೊಬ್ಬ ತನ್ನ ಹೆಸರನ್ನು ತಾನೇ ಹೇಳಿದ ಅಪರೂಪದ ಪ್ರಸಂಗವದು. ಪ್ರತಿ ವರ್ಷ ಜನವರಿ 21ರಂದು ಆಚರಿಸುವ ಅವನ ಜಯಂತಿಯನ್ನು ನಾನು ಈ ಕಾರಣಕ್ಕಾಗಿಯೇ ವಿಶೇಷವಾಗಿ ನೆನೆಯುತ್ತೇನೆ.

ಏಳು ಶತಮಾನಗಳ ನಂತರ ಭೀಮೆಯ ಮೀನುಗಳು ಮತ್ತೊಮ್ಮೆ ಪುಸ್ತಕವನ್ನು ಸೇರಿದವು. ಈ ಬಾರಿ ಬರೆದವನು ಬ್ರಿಟಿಷ್ ಸೈನ್ಯಾಧಿಕಾರಿ ವಿಲಿಯಂ ಹೆನ್ರಿ ಸೈಕ್ಸ್. ಮುಂಬಯಿ ಸರ್ಕಾರಕ್ಕಾಗಿ ದಖ್ಖನಿನ ಅಂಕಿಅಂಶಗಳನ್ನು ಸಂಗ್ರಹಿಸುತ್ತ ತಿರುಗಿದ ಈತ, ಪುಣೆ, ಅಹಮದನಗರಗಳ ಕಡೆಯ ನದಿಗಳಲ್ಲಿ ಸಿಕ್ಕ ಮೀನುಗಳನ್ನು ವರ್ಣಿಸಿ ಲಂಡನ್ನಿನ ಪ್ರಾಣಿಶಾಸ್ತ್ರ ಸಂಘದ ಮುಂದೆ ಮಂಡಿಸಿದನು. ಅದು 1841ರಲ್ಲಿ ಚಿತ್ರಸಹಿತವಾಗಿ ಪ್ರಕಟವಾಯಿತು. ಅವುಗಳಲ್ಲಿ ಕೆಲವು ಭೀಮಾ ನದಿಯಿಂದಲೇ, ಪೇಡಗಾಂವ್ ಎಂಬ ಊರಿನ ಬಳಿ ಹಿಡಿದವು. ಅಲ್ಲಿಂದ ಹರಿದು ಬಂದ ನೀರೇ ಅಫಜಲಪುರಕ್ಕೆ ಬರುವುದರಿಂದ ಅವುಗಳನ್ನು ನಮ್ಮ ಹೊಳೆಯ ಮೀನುಗಳೆಂದರೆ ತಪ್ಪಾಗದು.

ಸೈಕ್ಸನ ಕೆಲಸದಲ್ಲಿ ನನಗೆ ಬಹಳ ಹಿಡಿಸಿದ್ದು ಒಂದು ಸಂಗತಿ. ಹೊಸ ಮೀನುಗಳಿಗೆ ಲ್ಯಾಟಿನ್ ಹೆಸರು ಇಡುವಾಗ ಆತ ಅನೇಕ ಕಡೆ ಸ್ಥಳೀಯ ಜನರ ಬಾಯಲ್ಲಿದ್ದ ಹೆಸರನ್ನೇ ಬಳಸಿಕೊಂಡನು. ಕೋಲಸ್, ಮುಸುಲ್ಲಾ, ಫುಲಂಗಿ, ಪೊಟೇಲ್, ನುಕ್ತಾ ಎಂಬ ಮರಾಠಿ ಸೀಮೆಯ ಹೆಸರುಗಳು ಇಂದಿಗೂ ಜಗತ್ತಿನ ಎಲ್ಲ ಮತ್ಸ್ಯಶಾಸ್ತ್ರ ಗ್ರಂಥಗಳಲ್ಲಿ ಆ ಮೀನುಗಳ ಶಾಸ್ತ್ರೀಯ ಹೆಸರಿನ ಭಾಗವಾಗಿ ಉಳಿದಿವೆ. 'ಪೊಟೇಲ್' ಎಂಬ ಕಾಗುಣಿತವನ್ನು ಗಮನಿಸಿ. ಆ ಕಾಲದ ಆಂಗ್ಲರು ನಮ್ಮ 'ಪಾಟೀಲ' ಎಂಬ ಮಾತನ್ನೂ ಹೀಗೆಯೇ ಬರೆಯುತ್ತಿದ್ದರು. ಹೀಗೆ ದಂಡೆಯ ಮೇಲಿನ ಬೆಸ್ತರ ಮಾತು ಲಂಡನ್ನಿಗೆ ಹೋಯಿತು. ಆ ಮಾತನ್ನು ಹೇಳಿದವರ ಹೆಸರು ಮಾತ್ರ ಈ ಸಲವೂ ಹೋಗಲಿಲ್ಲ.

ಈ ಐದೂ ಮೀನುಗಳು ಗೆಂಡೆಯ ಕುಟುಂಬಕ್ಕೆ ಸೇರಿದವು. 'ಗೆಂಡೆ' ಎಂಬ ಪದ ಇಲಾಖೆಯ ಪುಸ್ತಕಗಳಲ್ಲಿ ಬಳಕೆಯಲ್ಲಿದೆ; ನಮ್ಮ ಸಂತೆಯಲ್ಲಿ ಜನರು ಒಂದೊಂದನ್ನೂ ಅದರದರ ಹೆಸರಿನಿಂದಲೇ ಕೇಳುತ್ತಾರೆ. ಹಲ್ಲಿಲ್ಲದ ಬಾಯಿ, ಮೈತುಂಬ ಹುರುಪೆ, ಬಹುಜಾತಿಗಳಲ್ಲಿ ಬಾಯಂಚಿನ ಪುಟ್ಟ ಮೀಸೆ, ಇವು ಈ ಕುಟುಂಬದ ಗುರುತುಗಳು. ಎಂದರೆ ಗೆಂಡೆಯ ಬಳಗ ಭೀಮೆಗೆ ಹೊಸದೇನಲ್ಲ. ಮಳೆಗಾಲದಲ್ಲಿ ಹೊಳೆ ಉಕ್ಕಿದಾಗ ಅವು ಪ್ರವಾಹಕ್ಕೆ ಎದುರಾಗಿ ಹಳ್ಳಗಳನ್ನು ಏರಿ ಬರುತ್ತಿದ್ದವು. ಹಳ್ಳಕ್ಕೆ ಕೂಡಿಕೊಂಡ ಕೆರೆಗಳಲ್ಲಿ ಉಳಿದುಕೊಳ್ಳುತ್ತಿದ್ದವು. ಯಾರೂ ಬಿತ್ತದೆ ಬಂದ ಬೆಳೆ ಅದು.

ಹಾಗಿದ್ದರೆ ಇಂದು ಕೆರೆಯಲ್ಲಿ ಸಿಗುವ ಕಾಟ್ಲಾ, ರೋಹು, ಮೃಗಾಲ್‌ಗಳು ಎಲ್ಲಿಯವು? ಇವು ಮುಖ್ಯವಾಗಿ ಗಂಗೆ, ಬ್ರಹ್ಮಪುತ್ರೆಗಳಂತಹ ಉತ್ತರದ ದೊಡ್ಡ ನದಿಗಳ ಮೀನುಗಳು. 'ಸಾಮಾನ್ಯ ಗೆಂಡೆ' ಎನಿಸಿಕೊಂಡ ಮೀನಂತೂ ಇನ್ನೂ ದೂರದ್ದು. ಚೀನಾದಲ್ಲಿ ಎರಡು ಸಾವಿರ ವರ್ಷಗಳಿಗೂ ಮೊದಲೇ ಅದನ್ನು ಕೊಳಗಳಲ್ಲಿ ಸಾಕುತ್ತಿದ್ದರು. ಯುರೋಪಿನಲ್ಲಿ ಕ್ರೈಸ್ತ ಮಠಗಳ ಕೊಳಗಳಲ್ಲಿ ಸಾಕುತ್ತಿದ್ದರು. ಭಾರತಕ್ಕೆ ಅದರ ಒಂದು ತಳಿ 1939ರಲ್ಲಿ ಶ್ರೀಲಂಕಾದಿಂದ ನೀಲಗಿರಿಗೆ ಬಂದಿತು, ಇನ್ನೊಂದು 1957ರಲ್ಲಿ ಬ್ಯಾಂಕಾಕಿನಿಂದ ಕಟಕ್‌ಗೆ ಬಂದಿತು. ಹುಲ್ಲುಗೆಂಡೆ ಹಾಂಗ್‌ಕಾಂಗಿನಿಂದಲೂ, ಬೆಳ್ಳಿಗೆಂಡೆ ಜಪಾನಿನಿಂದಲೂ 1959ರಲ್ಲಿ ಬಂದವು.

ಉತ್ತರದ ಗೆಂಡೆಗಳನ್ನು ದಕ್ಷಿಣದ ಕೆರೆಗಳಲ್ಲಿ ಸಾಕಲು ಒಂದು ದೊಡ್ಡ ಅಡಚಣೆ ಇತ್ತು. ಕಾಟ್ಲಾ, ರೋಹು, ಮೃಗಾಲ್‌ಗಳು ನಿಂತ ನೀರಿನಲ್ಲಿ ಎಷ್ಟು ದೊಡ್ಡದಾಗಿ ಬೆಳೆದರೂ ಮೊಟ್ಟೆ ಇಡುವುದಿಲ್ಲ. ಅವಕ್ಕೆ ಮಳೆಗಾಲದ ಹೊಸ ಪ್ರವಾಹ ಬೇಕು. ಆದ್ದರಿಂದ ಬಂಗಾಳದ ನದಿಗಳಲ್ಲಿ ಮೊಟ್ಟೆಮರಿಗಳನ್ನು ಸೋಸಿ, ಮಣ್ಣಿನ ಗಡಿಗೆಗಳಲ್ಲಿ ತುಂಬಿ ಹೌರಾದಿಂದ ರೈಲಿನಲ್ಲಿ ದೇಶದ ಮೂಲೆಮೂಲೆಗಳಿಗೆ ಸಾಗಿಸುತ್ತಿದ್ದರು. ದಾರಿಯಲ್ಲಿ ಸತ್ತವು ಎಷ್ಟೋ, ಬೇರೆ ಮೀನಿನ ಮರಿಗಳು ಬೆರೆತದ್ದು ಎಷ್ಟೋ. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧುರಿ ಎಂಬ ವಿಜ್ಞಾನಿ, ಕೆ.ಎಚ್. ಅಲಿಕುಂಞಿ ಅವರ ಜೊತೆಗೂಡಿ, ಈ ತೊಡಕನ್ನು ಬಿಡಿಸಿದರು. ಪ್ರೌಢ ಮೀನಿನ ತಲೆಯೊಳಗಿನ ಪಿಟ್ಯುಟರಿ ಗ್ರಂಥಿಯ ರಸವನ್ನು ಇನ್ನೊಂದು ಮೀನಿಗೆ ಚುಚ್ಚಿದಾಗ ಅದು ಕೊಳದಲ್ಲಿಯೇ ಮೊಟ್ಟೆ ಇಟ್ಟಿತು. ಜುಲೈ 10ನ್ನು ದೇಶದಲ್ಲಿ ಮೀನುಕೃಷಿಕರ ದಿನವಾಗಿ ಆಚರಿಸುವುದು ಆ ನೆನಪಿಗಾಗಿ. ಅಲ್ಲಿಂದ ಮುಂದೆ ಮರಿ ಉತ್ಪಾದನಾ ಕೇಂದ್ರಗಳು ಬೆಳೆದವು. ಹೊಸಪೇಟೆಯ ತುಂಗಭದ್ರಾ ಅಣೆಕಟ್ಟಿನ ಬಳಿಯೂ ಅಂತಹ ಕೇಂದ್ರವಿದೆ. ಗಡಿಗೆಯ ಬದಲು ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲಗಳು ಬಂದವು. ನಮ್ಮ ಸೀಮೆಯ ಸಣ್ಣ ಕೆರೆಗೂ ಮರಿ ಬಿಡುವ ಕಾಲ ಬಂದಿತು.

ಈ ಮೂರು ಮೀನುಗಳನ್ನು ಒಟ್ಟಿಗೆ ಬಿಡುವುದರಲ್ಲಿ ಒಂದು ಜಾಣ್ಮೆಯಿದೆ. ಕಾಟ್ಲಾದ ಬಾಯಿ ಮೇಲ್ಮುಖವಾಗಿದೆ. ಅದು ನೀರಿನ ಮೇಲ್ಪದರದಲ್ಲಿ ಸೂಕ್ಷ್ಮಜೀವಿಗಳನ್ನು ತಿನ್ನುತ್ತದೆ. ರೋಹು ನಡುನೀರಿನಲ್ಲಿ, ಮೃಗಾಲ್ ತಳದಲ್ಲಿ ಮೇಯುತ್ತವೆ. ಒಂದೇ ಹೊಲದಲ್ಲಿ ತೊಗರಿ, ಸಜ್ಜೆಗಳನ್ನು ಕೂಡಿ ಬಿತ್ತುವ ನಮ್ಮ ರೈತನಿಗೆ ಈ ತತ್ತ್ವವನ್ನು ವಿವರಿಸಿ ಹೇಳಬೇಕಾಗಿಲ್ಲ. ಸಾಮಾನ್ಯ ಗೆಂಡೆ ಮಾತ್ರ ಕೆರೆಯಲ್ಲಿಯೇ ಮೊಟ್ಟೆ ಇಡುತ್ತದೆ. ಜಲಸಸ್ಯಗಳಿಗೆ ಅಂಟಿಕೊಳ್ಳುವ ಮೊಟ್ಟೆಗಳು ಅದರವು.

ಹಿಡಿಯುವಾಗಲೂ ಇವುಗಳ ಸ್ವಭಾವ ತೋರಿಬರುತ್ತದೆ. ಕೆರೆಯ ನೀರು ಇಳಿದ ಮೇಲೆ, ಬೇಸಿಗೆಯ ಮುಂಜಾನೆಯ ತಂಪಿನಲ್ಲಿ ಎಳೆಬಲೆಯನ್ನು ಈ ದಂಡೆಯಿಂದ ಆ ದಂಡೆಗೆ ಹಾಸಿ ಎರಡು ಕಡೆಯಿಂದ ಎಳೆಯುತ್ತಾರೆ. ಬಲೆಯ ವೃತ್ತ ಕಿರಿದಾದಂತೆ ಕಾಟ್ಲಾ ಬಲೆಯ ಮೇಲಂಚನ್ನು ಹಾರಿ ಆಚೆ ಬೀಳಲು ನೋಡುತ್ತದೆ. ಸಾಮಾನ್ಯ ಗೆಂಡೆ ತಲೆಯನ್ನು ಕೆಸರಿನಲ್ಲಿ ಹುದುಗಿಸಿ, ಬಲೆಯ ಕೆಳಹಗ್ಗ ತನ್ನ ಬೆನ್ನ ಮೇಲೆ ಹಾದು ಹೋಗುವವರೆಗೆ ಮಿಸುಕದೆ ಇದ್ದುಬಿಡುತ್ತದೆ. ಅನುಭವಿಗಳು ಹಗ್ಗದ ಹಿಂದೆ ನಡೆಯುತ್ತ ಕಾಲಿನಿಂದಲೇ ಅದನ್ನು ಗುರುತಿಸುತ್ತಾರೆ. ನನ್ನ ಆ ವಿದ್ಯಾರ್ಥಿಯ ತಂದೆ ಹೀಗೆ ಮೊಣಕಾಲುದ್ದ ಕೆಸರಿನಲ್ಲಿ ನಡೆದು, ಒಮ್ಮೆಲೇ ಬಾಗಿ ಎರಡು ಕೈಗಳಿಂದ ಮೀನನ್ನು ಎತ್ತಿ ತೆಗೆದದ್ದನ್ನು ದಂಡೆಯ ಮೇಲೆ ನಿಂತು ನೋಡಿದ್ದೇನೆ.

ಆದರೆ ಅಂದು ಅವರು ಎತ್ತಿದ ಮೀನು ಅವರದಾಗಿರಲಿಲ್ಲ. ಈ ಬರಹದ ಮುಖ್ಯ ವಿಷಯ ಇರುವುದು ಇಲ್ಲಿಯೇ. ಹೊಳೆಯಿಂದ ತಾನಾಗಿ ಬಂದ ಮೀನಿಗೆ ಯಜಮಾನನೆಂಬವನು ಇರಲಿಲ್ಲ, ಇದ್ದರೂ ಹೆಸರಿಗಷ್ಟೇ. ದುಡ್ಡು ಕೊಟ್ಟು ಮರಿ ತಂದು ಬಿಟ್ಟ ಮೇಲೆ ಕೆರೆಯ ಮೀನು ಲೆಕ್ಕಕ್ಕೆ ಸಿಗುವ ಸೊತ್ತಾಯಿತು. ಸೊತ್ತಾದುದಕ್ಕೆ ಹರಾಜು ಬಂದಿತು. ನಮ್ಮ ರಾಜ್ಯದಲ್ಲಿ 40 ಹೆಕ್ಟೇರಿಗಿಂತ ಹೆಚ್ಚು ನೀರಿನ ಹರವುಳ್ಳ ಕೆರೆಗಳ ಮೀನುಗಾರಿಕೆ ಹಕ್ಕು ಮೀನುಗಾರಿಕೆ ಇಲಾಖೆಯ ಕೈಯಲ್ಲಿಯೂ, ಅದಕ್ಕಿಂತ ಚಿಕ್ಕವುಗಳದು ಗ್ರಾಮ ಪಂಚಾಯಿತಿಯ ಕೈಯಲ್ಲಿಯೂ ಇರುವ ವ್ಯವಸ್ಥೆ ಬೆಳೆದುಬಂದಿದೆ. ಮೀನುಗಾರರ ಸಹಕಾರ ಸಂಘಗಳಿಗೆ ಗುತ್ತಿಗೆ ಕೊಡುವ ಕ್ರಮವೂ ಉಂಟು. ಸಂಘ ಗಟ್ಟಿಯಾಗಿರುವ ಕಡೆ ಅದರಿಂದ ಅನೇಕ ಕುಟುಂಬಗಳು ಮೇಲೆ ಬಂದಿವೆ ಎಂಬುದನ್ನು ಮರೆಮಾಚಬಾರದು. ಸಂಘ ಇಲ್ಲದ ಕಡೆ, ಅಥವಾ ಕಾಗದದ ಮೇಲೆ ಮಾತ್ರ ಇರುವ ಕಡೆ, ಹಣವುಳ್ಳವನು ಹರಾಜು ಕೂಗುತ್ತಾನೆ.

ನಾನು ಹೇಳುತ್ತಿರುವ ಆ ಹಳ್ಳಿಯಲ್ಲಿ ಹೀಗೆಯೇ ಆಯಿತು. ಕೆರೆಯನ್ನು ಹಿಡಿದವರು ಹೊರ ಊರಿನವರು. ಅವರಿಗೆ ಈಜು ಬರುತ್ತಿರಲಿಲ್ಲ, ಬಲೆ ಎಳೆಯಲು ಬರುತ್ತಿರಲಿಲ್ಲ, ಲೆಕ್ಕ ಬರುತ್ತಿತ್ತು. ಹುಡುಗನ ತಂದೆ ದಿನಗೂಲಿಗೆ ಅವರ ಬಲೆ ಎಳೆದರು. ಸಂಜೆಯ ಹೊತ್ತು ಹಿಟ್ಟಿನ ಉಂಡೆ ಎಸೆಯುತ್ತ ಕುಳಿತಿರುತ್ತಿದ್ದ ಹುಡುಗ ಒಂದು ದಿನ ಕಾವಲುಗಾರನ ಕೈಗೆ ಸಿಕ್ಕು 'ಕಳ್ಳ' ಎನಿಸಿಕೊಂಡ. ಮರುದಿನ ಶಾಲೆಗೆ ಬರಲಿಲ್ಲ. ಅವನ ಮನೆಗೆ ಹೋಗಿ ಕರೆದಾಗ ಅವನ ತಾಯಿ ಹೇಳಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ: "ಮಾಸ್ತರ್ರೀ, ನಮ್ಮ ಮುತ್ಯಾ ಈ ಕೆರಿ ಒಡ್ಡಿಗಿ ಮಣ್ಣು ಹೊತ್ತಾನ್ರಿ. ಈಗ ನನ್ನ ಮಗ ಗಾಳ ಹಾಕಿದ್ರ ಕಳ್ಳ ಅಂತಾರಲ್ರೀ." ನಾನು ಆ ತಾಯಿಗೆ ಕಾನೂನನ್ನು ವಿವರಿಸಬಹುದಾಗಿತ್ತು. ಆಕೆ ಕೇಳಿದ್ದು ಕಾನೂನಿನ ಪ್ರಶ್ನೆಯಾಗಿರಲಿಲ್ಲವಾದ್ದರಿಂದ ಸುಮ್ಮನೆ ಕುಳಿತು ಚಹಾ ಕುಡಿದು ಬಂದೆ. ಹುಡುಗ ಮುಂದಿನ ವಾರ ಶಾಲೆಗೆ ಬಂದ, ಹತ್ತನೆಯ ತರಗತಿಯನ್ನೂ ಪಾಸು ಮಾಡಿದ. ಅನಂತರ ಕೆಲಸ ಹುಡುಕಿ ಪುಣೆಗೆ ಹೋದ. ನಮ್ಮ ಸೀಮೆಯ ಸಾವಿರಾರು ಜನರು ಹಿಡಿದ ದಾರಿ ಅದು.

ಈಗ ಇತ್ತ ಹೊಳೆಯ ಸ್ಥಿತಿಯನ್ನು ನೋಡಿ. ಮೇಲ್ಗಡೆ ಮಹಾರಾಷ್ಟ್ರದಲ್ಲಿ ಉಜನಿ ಅಣೆಕಟ್ಟು 1980ರಲ್ಲಿ ಪೂರ್ಣಗೊಂಡ ಮೇಲೆ ಭೀಮೆಯ ಹರಿವಿನ ಕ್ರಮವೇ ಬದಲಾಯಿತು. ಬೇಸಿಗೆಯಲ್ಲಿ ಎಷ್ಟೋ ಕಡೆ ಹೊಳೆ ಮರಳಾಗುತ್ತದೆ. 2020ರ ಅಕ್ಟೋಬರಿನಂತೆ ಒಮ್ಮೊಮ್ಮೆ ಅಫಜಲಪುರ, ಜೇವರ್ಗಿ ಕಡೆಯ ಹಳ್ಳಿಗಳನ್ನೇ ಮುಳುಗಿಸುವ ಪ್ರವಾಹ ಬರುತ್ತದೆ. ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಕೆರೆಗೆ ಏರಿ ಬರುತ್ತಿದ್ದ ಮೀನಿನ ದಾರಿಗಳು ಬಾಂದಾರ, ಒಡ್ಡುಗಳಿಂದ ತುಂಡಾಗಿವೆ. 1952ರಲ್ಲಿ ಭಾರತಕ್ಕೆ ತಂದ ತಿಲಾಪಿಯಾ ಎಂಬ ಆಫ್ರಿಕಾದ ಮೀನು, ಮರಾಠಿ ಜನರ ಬಾಯಲ್ಲಿ 'ಚಿಲಾಪಿ' ಎನಿಸಿಕೊಂಡು, ಉಜನಿಯ ಹಿನ್ನೀರನ್ನೆಲ್ಲ ಆವರಿಸಿದೆ. ಸೈಕ್ಸ್ ವರ್ಣಿಸಿದ ನುಕ್ತಾ ಮತ್ತು ಪೊಟೇಲ್ ಮೀನುಗಳು ಅಳಿವಿನ ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಯನ್ನು ಸೇರಿವೆ.

ಬಿತ್ತಿದ ಗೆಂಡೆ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಬಡವನ ಮನೆಗೆ ಕಡಿಮೆ ಬೆಲೆಗೆ ಒಳ್ಳೆಯ ಆಹಾರ ಒದಗಿಸಿದ ಮೀನು ಅದು. ಹೀರಾಲಾಲ್ ಚೌಧುರಿ ಅವರ ಸಾಧನೆ ನಮ್ಮ ಕೃಷಿ ಕ್ರಾಂತಿಯಷ್ಟೇ ಹೆಮ್ಮೆಪಡುವಂಥದು. ನನ್ನ ಕಳವಳ ಬೇರೆ. ಮರಿ ಚೀಲದಲ್ಲಿ ಬರುತ್ತದೆ, ಕೆರೆ ಹರಾಜಿನಲ್ಲಿ ಹೋಗುತ್ತದೆ, ಮೀನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಪಟ್ಟಣಕ್ಕೆ ಸಾಗುತ್ತದೆ. ಈ ಇಡೀ ಸರಪಳಿಯಲ್ಲಿ ಬೆಂಡಿನ ಅಲುಗಾಟವನ್ನು ಓದಬಲ್ಲವನ ವಿದ್ಯೆಗೆ ಸ್ಥಾನವೇ ಇಲ್ಲದಂತಾಗಿದೆ. ಬಳಕೆಯಿಲ್ಲದ ವಿದ್ಯೆ ಒಂದು ತಲೆಮಾರಿನಲ್ಲಿ ಮರೆತು ಹೋಗುತ್ತದೆ.

ಎರಡು ವರ್ಷಗಳ ಹಿಂದೆ ಅದೇ ವಿದ್ಯಾರ್ಥಿ ಪುಣೆಯಿಂದ ದೂರವಾಣಿ ಮಾಡಿದ್ದ. ಈಗ ಅವನೂ ಅರವತ್ತರ ಆಸುಪಾಸಿನವನು. ಮಾತಿನ ನಡುವೆ ಹೊಳೆಯ ಮೀನುಗಳ ಹೆಸರು ಹೇಳು ಎಂದೆ. ತಂದೆಯಿಂದ ಕೇಳಿದ ಹೆಸರುಗಳನ್ನು ಒಂದೊಂದಾಗಿ ನೆನೆಯುತ್ತ ಹೋದ. ಇದು ಮೊದಲ ಮಳೆಗೆ ಏರಿ ಬರುವುದು, ಇದು ಕಲ್ಲಿನ ಸಂದಿಯಲ್ಲಿ ಇರುವುದು, ಇದರ ಮುಳ್ಳು ಚುಚ್ಚಿದರೆ ಎರಡು ದಿನ ಕೈ ಉರಿಯುವುದು ಎಂದು ಪ್ರತಿಯೊಂದಕ್ಕೂ ಗುರುತು ಹೇಳಿದ. ನಾನು ನೋಟುಬುಕ್ಕಿನಲ್ಲಿ ಬರೆದುಕೊಳ್ಳುತ್ತ ಹೋದೆ. ಕೊನೆಗೆ "ನಿನ್ನ ಮಗನಿಗೆ ಇವು ಗೊತ್ತೇನಪಾ?" ಎಂದೆ. ಆ ಕಡೆ ನಗುವ ಸದ್ದು ಕೇಳಿಸಿತು. "ಅವನಿಗಿ ಮೂರ ಗೊತ್ತರೀ ಸರ್. ಕಾಟ್ಲಾ, ರೋಹು, ಚಿಲಾಪಿ" ಎಂದ.

ಆ ಹೆಸರುಗಳನ್ನು ಮತ್ಸ್ಯಶಾಸ್ತ್ರದ ಹೆಸರುಗಳೊಡನೆ ಹೊಂದಿಸುವುದು ನನ್ನ ಅಳವಿಗೆ ಮೀರಿದ ಕೆಲಸ. ಆದರೆ ಅದನ್ನು ಮಾಡಬಲ್ಲವರು ನಮ್ಮ ನೆರೆಯಲ್ಲಿಯೇ ಇದ್ದಾರೆ. 1969ರಲ್ಲಿ ಮಂಗಳೂರಿನಲ್ಲಿ ಆರಂಭವಾದ ಮೀನುಗಾರಿಕೆ ಮಹಾವಿದ್ಯಾಲಯವು ಇಂದು ಯಾವ ವಿಶ್ವವಿದ್ಯಾಲಯಕ್ಕೆ ಸೇರಿದೆಯೆಂಬುದನ್ನು ಬಲ್ಲಿರಾ? ಬೀದರಿನಲ್ಲಿರುವ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ. ಮತ್ಸ್ಯವಿನೋದ ಬರೆದ ಅರಸನ ರಾಜಧಾನಿ ಕಲ್ಯಾಣ, ಇಂದಿನ ಬಸವಕಲ್ಯಾಣ, ಇರುವುದೂ ಅದೇ ಬೀದರ ಜಿಲ್ಲೆಯಲ್ಲಿ. ಸುಮಾರು ಒಂಬತ್ತು ನೂರು ವರ್ಷಗಳ ನಂತರ ಮೀನಿನ ವಿದ್ಯೆಯ ಕೇಂದ್ರವೊಂದು ಅದೇ ನೆಲದಲ್ಲಿ ನೆಲೆಗೊಂಡಿರುವುದು ಕಾಕತಾಳೀಯವಿರಬಹುದು; ಆದರೂ ಸಂತೋಷದ ಸಂಗತಿ. ನನ್ನ ವಿದ್ಯಾರ್ಥಿಗಳ ಮಕ್ಕಳು, ಮೊಮ್ಮಕ್ಕಳು ಯಾರಾದರೂ ಅಲ್ಲಿ ಓದುತ್ತಿದ್ದರೆ, ಭೀಮೆಯ ಮೀನುಗಳ ಕನ್ನಡ ಹೆಸರುಗಳ ಪಟ್ಟಿಯೊಂದನ್ನು ಸಿದ್ಧಪಡಿಸುವ ಕೆಲಸವನ್ನು ಕೈಗೆತ್ತಿಕೊಳ್ಳಲಿ ಎಂಬುದು ನನ್ನ ಆಸೆ.

ಉಳಿದವರಿಗೂ ಒಂದು ಮನೆಗೆಲಸ ಕೊಡುತ್ತೇನೆ. ಮೇಷ್ಟ್ರ ಅಭ್ಯಾಸ, ಬಿಡದು. ಈ ಸಲ ಊರಿನ ಜಾತ್ರೆಗೆ ಹೋದಾಗ, ಹೊಳೆದಂಡೆಯಲ್ಲಿ ಅಥವಾ ಕೆರೆಯ ಬದಿಯಲ್ಲಿ ಬಾಳಿದ ಒಬ್ಬ ಹಿರಿಯರ ಬಳಿ ಅರ್ಧ ತಾಸು ಕುಳಿತುಕೊಳ್ಳಿ. ಮೀನುಗಳ ಹೆಸರು, ಅವು ಬರುವ ಕಾಲ, ಹಿಡಿಯುವ ಬಗೆ, ಯಾವ ಗುಂಡಿಯಲ್ಲಿ ಯಾವುದು ಸಿಗುತ್ತಿತ್ತೆಂಬುದು, ಎಲ್ಲವನ್ನೂ ಅವರ ಮಾತಿನಲ್ಲಿಯೇ ಬರೆದುಕೊಳ್ಳಿ. ಆ ಪುಟದ ಮೇಲ್ಗಡೆ, ಅವರ ಒಪ್ಪಿಗೆ ಪಡೆದು, ಹೇಳಿದವರ ಹೆಸರನ್ನು ಮೊದಲು ಬರೆಯಿರಿ, ನಿಮ್ಮ ಹೆಸರನ್ನು ಕೆಳಗೆ ಬರೆಯಿರಿ. ಸೋಮೇಶ್ವರನ ಗ್ರಂಥದಲ್ಲಿಯೂ ಸೈಕ್ಸನ ಗ್ರಂಥದಲ್ಲಿಯೂ ಬಿಟ್ಟುಹೋದ ಸಾಲು ಅದೊಂದೇ.